ವೇಪ್ ಸೀದ ವಾಸನೆ ಬರ್ತಿದ್ಯಾ, ಸೋರ್ತಿದ್ಯಾ, ಚಾರ್ಜೇ ಆಗ್ತಿಲ್ವಾ? ಹೊಸ ಕಿಟ್ ತಗೊಳ್ಳೋಕೆ ಮುಂಚೆ ಇಷ್ಟು ನೋಡಿ

ಯುಕೆಲಿ 2025ರ ಜೂನ್ 1ರಿಂದ ಒಂದ್ಸಲ ಸೇದಿ ಬಿಸಾಕೋ ವೇಪ್ (ಇ-ಸಿಗರೇಟ್) ಮಾರೋ ಹಾಗಿಲ್ಲ ಅಂತಾದ ಮೇಲೆ ಇಲ್ಲಿರೋ ನಮ್ಮವರು ಬಹಳ ಜನ ಲಿಕ್ವಿಡ್ ತುಂಬಿಸ್ಕೊಳ್ಳೋ ಪಾಡ್ ಕಿಟ್‌ಗೆ ಬಂದಿದಾರೆ, ಪಾಡ್ ಅಂದ್ರೆ ಡಿವೈಸ್ ಮೇಲೆ ಕೂರೋ ಚಿಕ್ಕ ಟ್ಯಾಂಕ್. ಕಿಟ್ ಬದಲಾಯ್ತು, ಬಿಸಾಕೋ ಅಭ್ಯಾಸ ಮಾತ್ರ ಹಾಗೇ ಉಳ್ಕೊಂಡಿದೆ. ಸ್ವಲ್ಪ ಸೋರಿದ್ರೆ, ಎರಡು ದಿನ ಸೀದ ರುಚಿ ಬಂದ್ರೆ, ಸ್ಕ್ರೀನ್ ಮೇಲೆ ಏನೋ ಎರರ್ ಕಂಡ್ರೆ ಇಡೀ ಕಿಟ್ಟೇ ಹೋಯ್ತು ಅಂದ್ಕೊಂಡು ಅಂಗಡಿಗೆ ಹೋಗಿ ಇನ್ನೊಂದು ತರ್ತಾರೆ. ನಾನು ಕೈಗೆ ತಗೊಂಡು ನೋಡಿರೋ ಇಂಥ ಕಿಟ್‌ಗಳಲ್ಲಿ ಹೆಚ್ಚಿನವು ಚೆನ್ನಾಗೇ ಇದ್ವು, ಕೆಟ್ಟಿದ್ದು ಒಂದು ಕಾಯಿಲ್ (ಲಿಕ್ವಿಡ್‌ನ ಬಿಸಿ ಮಾಡೋ ತಂತಿ, ಹತ್ತಿ ಇರೋ ಪಾರ್ಟ್), ಇಲ್ಲಾ ಒಂದು ರಬ್ಬರ್ ರಿಂಗ್, ಇಲ್ಲಾ ಪಿನ್ ಮೇಲೆ ಕೂತಿದ್ದ ಒಂದು ಹನಿ ಲಿಕ್ವಿಡ್ ಅಷ್ಟೇ. ಇದರಲ್ಲಿ ಬೇಗ ಸವೆದು ಹೋಗೋ ಪಾರ್ಟ್ ಅಂದ್ರೆ ಮುಖ್ಯವಾಗಿ ಕಾಯಿಲ್, ಮಿಕ್ಕಿದ್ದು ಒಣಗಿಸಿ ಕ್ಲೀನಾಗಿ ಇಟ್ಕೊಂಡ್ರೆ ಬಹಳ ದಿನ ಬರತ್ತೆ.

ಇದು ಸಿಗರೇಟ್ ಬಿಡೋಕೆ ಅಂತ ವೇಪ್‌ಗೆ ಬಂದಿರೋ ದೊಡ್ಡವರಿಗೆ ಬರೀತಿರೋದು. ಸಿಗರೇಟೇ ಸೇದದವರು, ಇನ್ನೂ 18 ಆಗದವರು ಇದರ ತಂಟೆಗೇ ಬರ್ಬೇಡಿ. ನಿಕೋಟಿನ್ ಚಟ ಹತ್ತೋದು ಸುಲಭ, ಬಿಡೋದು ಕಷ್ಟ. ಊರಿಗೆ ಹೋಗೋವಾಗ ಏನ್ಮಾಡ್ಬೇಕು ಅನ್ನೋದನ್ನ ಕೆಳಗೆ ಹೇಳಿದೀನಿ, ಅದನ್ನ ಮಾತ್ರ ಓದದೆ ಬಿಡ್ಬೇಡಿ.

ತೊಂದರೆ ಯಾವ ಕಡೆ ಇದೆ?

ವೇಪ್ ಒಳಗೆ ಎರಡೇ ದಾರಿ ಇರೋದು. ಒಂದು ಲಿಕ್ವಿಡ್ ಹೋಗೋ ದಾರಿ, ಅಂದ್ರೆ ಟ್ಯಾಂಕಿಂದ ಕಾಯಿಲ್ ಒಳಗಿನ ಹತ್ತಿಗೆ, ಅಲ್ಲಿಂದ ಆವಿಯಾಗಿ ಬಾಯಿಗೆ. ಇನ್ನೊಂದು ಕರೆಂಟ್ ಹೋಗೋ ದಾರಿ, ಬ್ಯಾಟರಿಯಿಂದ ಪಿನ್‌ಗೆ, ಪಿನ್ನಿಂದ ಕಾಯಿಲ್ ತಂತಿಗೆ. ರುಚಿ ಕೆಟ್ಟಿದೆ, ಸೋರ್ತಿದೆ, ಗೊಳಗೊಳ ಅಂತಿದೆ, ಬಾಯಿಗೆ ಬಿಸಿ ಹನಿ ಹಾರ್ತಿದೆ ಅಂದ್ರೆ ಮೊದಲನೇ ದಾರಿ. ಆನ್ ಆಗ್ತಿಲ್ಲ, ಎರರ್ ಬರ್ತಿದೆ, ಲೈಟ್ ಮಿಣಮಿಣ ಅಂತಿದೆ, ಎಳೀದೇ ಇದ್ರೂ ಕಾಯಿಲ್ ತಾನಾಗೇ ಉರಿತಿದೆ ಅಂದ್ರೆ ಎರಡನೇದು. ಎಷ್ಟೋ ಸಲ ಮೊದಲನೇ ದಾರಿಲಿ ಸೋರಿದ್ದೇ ಎರಡನೇ ದಾರಿನ ಕೆಡ್ಸಿರತ್ತೆ, ಅದಕ್ಕೇ ಎರರ್ ಬಂದ್ರೂ ಫಸ್ಟ್ ಒಂದು ಟಿಶ್ಯೂ ತಗೊಂಡು ಒರೆಸಿ ನೋಡಿ ಅಂತ ನಾನು ಎಲ್ರಿಗೂ ಹೇಳೋದು.

ಮನೇಲಿ ಅದೇ ಮಾಡೆಲ್‌ದು ಇನ್ನೊಂದು ಪಾಡ್ ಇದ್ರೆ ಕೆಲಸ ಅರ್ಧ ಮುಗೀತು. ಆ ಪಾಡ್ ಹಾಕಿ ನೋಡಿ, ಸರಿಹೋಯ್ತಾ, ಹಾಗಾದ್ರೆ ಹಳೇ ಪಾಡ್ ಅಥವಾ ಕಾಯಿಲ್‌ದೇ ತೊಂದರೆ. ಸರಿಹೋಗ್ಲಿಲ್ಲ ಅಂದ್ರೆ ಡಿವೈಸ್ ಕಡೆ ನೋಡಿ. ಒಂದ್ಸಲಕ್ಕೆ ಒಂದೇ ಬದಲಾಯಿಸಿ. ಕಾಯಿಲ್, ಲಿಕ್ವಿಡ್, ವ್ಯಾಟ್ ಮೂರೂ ಒಟ್ಟಿಗೆ ಬದಲಾಯಿಸಿ ಸರಿಹೋಯ್ತು ಅಂದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತೇ ಆಗಲ್ಲ, ಮುಂದಿನ ತಿಂಗಳು ಮತ್ತೆ ಅದೇ ಗೋಳು.

ಸೀದ ವಾಸನೆ, ಗಂಟಲಿಗೆ ಖಾರ ಹೊಡೆಯೋದು

ಕಾಯಿಲ್ ಒಳಗಿನ ಹತ್ತಿ ದೀಪದ ಬತ್ತಿ ಇದ್ದ ಹಾಗೆ, ಎಣ್ಣೆ ಇರೋವರೆಗೂ ಬತ್ತಿ ಸುಡಲ್ಲ, ಎಣ್ಣೆ ಮುಗಿದ ತಕ್ಷಣ ಬತ್ತಿನೇ ಕಪ್ಪಾಗತ್ತೆ. ಲಿಕ್ವಿಡ್‌ನಲ್ಲಿರೋ ಪ್ರೊಪಿಲೀನ್ ಗ್ಲೈಕಾಲ್, ಅಂದ್ರೆ ಎಲ್ರೂ ಪಿಜಿ ಅನ್ನೋದು, 188 ಡಿಗ್ರಿಲಿ ಕುದಿಯತ್ತೆ, ವಿಜಿ ಅನ್ನೋ ಗ್ಲಿಸರಿನ್ 290 ಡಿಗ್ರಿಲಿ. ಹತ್ತಿಲಿ ಲಿಕ್ವಿಡ್ ಇರೋ ತನಕ ತಂತಿಯ ಬಿಸಿಯೆಲ್ಲಾ ಅದನ್ನ ಆವಿ ಮಾಡೋದ್ರಲ್ಲೇ ಖರ್ಚಾಗತ್ತೆ, ಹತ್ತಿ ಒಣಗಿದ್ರೆ ಆ ತಡೆ ಇರಲ್ಲ, ಬಿಸಿ ಒಂದೇ ಏಟಿಗೆ ಮೇಲೆ ಹೋಗತ್ತೆ. ಆಗ ಬರೋದು ಬರೀ ಕೆಟ್ಟ ರುಚಿ ಅಲ್ಲ, ಫಾರ್ಮಾಲ್ಡಿಹೈಡ್ ಥರದ್ದೂ ಹುಟ್ಟತ್ತೆ. ಹಾಗಾಗಿ ಸೀದ ರುಚಿ ಬಂದ್ರೆ ಇನ್ನೊಂದೆರಡು ದಮ್ ಎಳೆದು ನೋಡೋಣ ಅನ್ಬೇಡಿ, ನಿಲ್ಲಿಸಿ.

ಕಾರಣ ಹುಡ್ಕೋಕೆ, ಈ ವಾಸನೆ ಯಾವಾಗ ಶುರುವಾಯ್ತು ಅಂತ ಜ್ಞಾಪಿಸ್ಕೊಳ್ಳಿ.

ಹೊಸ ಕಾಯಿಲ್ ಹಾಕಿದ ಮೊದಲ ದಮ್ಮಲ್ಲೇ ಬಂತು ಅಂದ್ರೆ ಹತ್ತಿ ನೆನೆದಿರ್ಲಿಲ್ಲ. ಹೊಸ ಕಾಯಿಲ್ ಪಕ್ಕದಲ್ಲಿ ಚಿಕ್ಕ ಚಿಕ್ಕ ಕಿಟಕಿ ಇರತ್ವೆ, ಒಳಗೆ ಬಿಳೀ ಹತ್ತಿ ಕಾಣತ್ತೆ. ಒಂದೊಂದು ಕಿಟಕಿಗೂ ಒಂದೊಂದು ಹನಿ ಲಿಕ್ವಿಡ್ ಬಿಡಿ, ಬಿಳೀ ಹತ್ತಿ ನೆನೆದು ಬಣ್ಣ ಸ್ವಲ್ಪ ಮಂಕಾಗೋದು ಕಣ್ಣಿಗೇ ಕಾಣತ್ತೆ, ಆಮೇಲೆ ಟ್ಯಾಂಕ್ ತುಂಬಿಸಿ 10 ನಿಮಿಷ ನಿಲ್ಲಿಸಿಟ್ಟುಬಿಡಿ. ಕಾಯಿಲ್ ಪಾಡ್ ಜೊತೆಗೇ ಅಂಟ್ಕೊಂಡು ಬರೋದಾದ್ರೆ ಹನಿ ಬಿಡೋಕೆ ಜಾಗ ಇರಲ್ಲ, ತುಂಬಿಸಿ 10 ನಿಮಿಷ ಕಾಯೋದೇ ದಾರಿ. ಈ 10 ನಿಮಿಷ ಕಾಯದೆ ಒಂದೇ ಒಂದು ದಮ್ ಎಳೆದ್ರೂ ಹತ್ತಿ ಸುಟ್ಟೋಗ್ಬೋದು, ಸುಟ್ಟ ಹತ್ತಿ ಮತ್ತೆ ಸರಿಯಾಗಲ್ಲ, ಆ ಕಾಯಿಲ್ ತೆಗೆದು ಹಾಕೋದೇ.

ಒಂದು ವಾರ ಚೆನ್ನಾಗಿದ್ದು ಆಮೇಲೆ ನಿಧಾನವಾಗಿ ಸೀದ ಹಾಗೆ ಬರ್ತಿದೆ ಅಂದ್ರೆ ಕಾಯಿಲ್ ಕಾಲ ಮುಗೀತು. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬರತ್ತೆ. ಹಳೇ ಕಾಯಿಲ್ ಬಿಸಾಕೋ ಮುಂಚೆ ಬೆಳಕಿಗೆ ಹಿಡಿದು ಮೇಲಿನ ತೂತಿಂದ ಒಳಗೆ ನೋಡಿ, ಹೊಳೀಬೇಕಾದ ಜಾಲರಿ ಮೇಲೆ ಕಂದು ಬಣ್ಣದ ಗಟ್ಟಿ ಪಾಕ ಅಂಟಿರತ್ತೆ. ಅದು ಲಿಕ್ವಿಡ್‌ಗೆ ಹಾಕಿರೋ ಸಿಹಿ, ಹೆಚ್ಚಾಗಿ ಸುಕ್ರಲೋಸ್. ಅದು ಪೂರ್ತಿ ಆವಿಯಾಗಲ್ಲ, ತಂತಿ ಮೇಲೇ ಕೂತು ಕರಕಲಾಗತ್ತೆ. ಕ್ಯಾಂಡಿ, ಡೆಸರ್ಟ್, ಐಸ್ಡ್ ಮ್ಯಾಂಗೋ ಥರದ ಫ್ಲೇವರ್ ಸೇದೋರಿಗೆ ಕಾಯಿಲ್ ಬೇಗ ಹೋಗೋದು ಇದಕ್ಕೇ, ಮೆಂಥಾಲ್ ಅಥವಾ ಸಪ್ಪೆ ಟೊಬ್ಯಾಕೋ ಫ್ಲೇವರ್‌ಗೆ ಬದಲಾಯಿಸಿ ನೋಡಿ, ಅದೇ ಕಾಯಿಲ್ ಎಷ್ಟು ಜಾಸ್ತಿ ದಿನ ಬರತ್ತೆ ಅಂತ ನಿಮಗೇ ಗೊತ್ತಾಗತ್ತೆ. ಕಾಯಿಲ್ ಖರ್ಚು ಕಮ್ಮಿ ಮಾಡೋಕೆ ಇದಕ್ಕಿಂತ ಒಳ್ಳೇ ಉಪಾಯ ನನಗೆ ಕಂಡಿಲ್ಲ.

ಕಾಯಿಲ್ ಹೊಸದು, ಚೆನ್ನಾಗಿ ನೆನೆಸಿದ್ದೂ ಆಯ್ತು, ಆದ್ರೂ ನಾಲ್ಕೈದು ದಮ್ ಎಳೆದ ಮೇಲೆ ಸೀದ ರುಚಿ ಬರತ್ತೆ, ಸ್ವಲ್ಪ ಬಿಟ್ಟು ಎಳೆದ್ರೆ ಸರಿಯಾಗಿರತ್ತೆ ಅಂದ್ರೆ ಲಿಕ್ವಿಡ್ ಹತ್ತಿಗೆ ತಲುಪೋಕೆ ತಡ ಆಗ್ತಿದೆ. ಬಾಟಲ್ ಮೇಲೆ ವಿಜಿ ಪಿಜಿ ಅಳತೆ ನೋಡಿ. 70/30 ಅಂತಿದ್ರೆ ವಿಜಿ ಜಾಸ್ತಿ ಇರೋ ದಪ್ಪ ಲಿಕ್ವಿಡ್, ದೊಡ್ಡ ಕಿಟಕಿ ಇರೋ ಕಮ್ಮಿ ಓಮ್ (ಕರೆಂಟ್‌ಗೆ ಕಾಯಿಲ್ ಒಡ್ಡೋ ತಡೆಯ ಅಳತೆ) ಕಾಯಿಲ್‌ಗೆ ಮಾಡಿರೋದು, ನಿಮ್ಮ 1.0 ಅಥವಾ 1.2 ಓಮ್ ಪಾಡ್ ಒಳಗಿನ ಚಿಕ್ಕ ಕಿಟಕಿಲಿ ಅದು ಸರಾಗವಾಗಿ ಇಳಿಯಲ್ಲ. ಪಾಡ್‌ಗೆ 50/50 ಹಾಕಿ. ಬೆನ್ನು ಬೆನ್ನಿಗೆ ದಮ್ ಎಳೀಬೇಡಿ, ನಡುವೆ ಅರ್ಧ ನಿಮಿಷನಾದ್ರೂ ಬಿಡಿ. ಇಲ್ಲಿಯ ಟ್ಯಾಂಕ್ 2 ಎಂಎಲ್‌ಗಿಂತ ದೊಡ್ಡದು ಇರೋ ಹಾಗಿಲ್ಲ, ಬೇಗ ಖಾಲಿಯಾಗತ್ತೆ, ಹಾಗಾಗಿ ಕಾಲು ಭಾಗ ಉಳಿದಿರೋವಾಗ್ಲೇ ತುಂಬಿಸ್ಬಿಡಿ, ಕಿಟಕಿ ಮಟ್ಟಕ್ಕಿಂತ ಕೆಳಗೆ ಇಳಿದ್ರೆ ಹತ್ತಿ ಒಣಗತ್ತೆ.

ವ್ಯಾಟ್ ಕೂಡ ನೋಡ್ಕೊಳ್ಳಿ. ಸಾಮಾನ್ಯವಾಗಿ ಕಾಯಿಲ್ ಮೈ ಮೇಲೇ ಬರೆದಿರತ್ತೆ, 0.8 ಓಮ್, 12ರಿಂದ 16 ವ್ಯಾಟ್ ಅಂತ ಏನೋ ಒಂದು. ಡಿವೈಸ್ 25ರಲ್ಲಿ ಇದ್ರೆ ಯಾವ ಹತ್ತಿನೂ ತಡ್ಕೊಳ್ಳಲ್ಲ. ಹೊಸ ಕಾಯಿಲ್ ಹಾಕ್ದಾಗ ಕೆಳಗಿನ ನಂಬರಿಂದ ಶುರು ಮಾಡಿ ಒಂದೊಂದೇ ವ್ಯಾಟ್ ಏರಿಸಿ.

ಸೋರೋದು, ಗೊಳಗೊಳ ಶಬ್ದ

ಎಲ್ಲಿಂದ ಸೋರ್ತಿದೆ ಅಂತ ಗೊತ್ತಾಗ್ಬೇಕಾದ್ರೆ ಹೀಗ್ಮಾಡಿ. ಪಾಡ್ ತೆಗೆದು ಹೊರಗೆಲ್ಲಾ ಚೆನ್ನಾಗಿ ಒರೆಸಿ, ಒಂದು ಬಿಳೀ ಟಿಶ್ಯೂ ಮೇಲೆ ನೆಟ್ಟಗೆ ನಿಲ್ಲಿಸಿ ರಾತ್ರಿಯೆಲ್ಲಾ ಹಾಗೇ ಬಿಡಿ. ಬೆಳಗ್ಗೆ ಟಿಶ್ಯೂ ನೋಡಿ, ಮಧ್ಯದಲ್ಲಿ ದುಂಡಗೆ ಕಲೆ ಇದ್ರೆ ಕಾಯಿಲ್ ಒಳಗಿಂದ ಇಳಿದಿದೆ. ಅಂಚಲ್ಲಿ ಒಂದು ಕಡೆ ಕಲೆ ಇದ್ರೆ ತುಂಬಿಸೋ ತೂತಿನ ರಬ್ಬರ್ ಮುಚ್ಚಳ ಸರಿ ಕೂತಿಲ್ಲ, ಇಲ್ಲಾ ಪಾಡ್ ಬಿರುಕು ಬಿಟ್ಟಿದೆ. ಕಾಯಿಲ್ ಸುತ್ತ ಉಂಗುರದ ಥರ ಕಲೆ ಬಂದ್ರೆ ರಬ್ಬರ್ ರಿಂಗ್ ಹೋಗಿದೆ. ಟಿಶ್ಯೂ ಒಣಗೇ ಇದೆ, ಆದ್ರೂ ದಿನಾ ಡಿವೈಸ್ ಒಳಗೆ ತೇವ ಕಾಣತ್ತೆ ಅಂದ್ರೆ ಅದು ಸೋರಿಕೆನೇ ಅಲ್ಲ, ಆವಿ ತಣ್ಣಗಾಗಿ ಹನಿಗಟ್ಟಿರೋದು, ಎಲ್ಲಾ ಪಾಡಲ್ಲೂ ಇದ್ದದ್ದೇ, ದಿನಕ್ಕೊಂದ್ಸಲ ಒರೆಸಿದ್ರೆ ಆಯ್ತು.

ಮಧ್ಯದಿಂದ ಸೋರೋದಕ್ಕೆ ಕಾರಣ ಸುಮಾರಿವೆ. ಕಾಯಿಲ್ ಪೂರ್ತಿ ಒಳಗೆ ಕೂತಿಲ್ದೇ ಇರ್ಬೋದು, ಒತ್ತಿ ಹಾಕೋ ಕಾಯಿಲ್ ಆದ್ರೆ ಟಕ್ ಅಂತ ಕೂರೋ ತನಕ ಒತ್ಬೇಕು. ವ್ಯಾಟ್ ತೀರಾ ಕಮ್ಮಿ ಇಟ್ಟಿದ್ರೆ ಲಿಕ್ವಿಡ್ ಆವಿಯಾಗದೆ ಕಾಯಿಲ್ ಒಳಗೇ ನಿಲ್ಲತ್ತೆ, ಗೊಳಗೊಳ ಅನ್ನೋದೂ, ಬಾಯಿಗೆ ಬಿಸಿ ಹನಿ ಹಾರೋದೂ ಇದಕ್ಕೇ. ಸಿಗರೇಟ್ ಎಳೆದ ಹಾಗೆ ಜೋರಾಗಿ ಎಳೆಯೋದೂ ಒಂದು ಕಾರಣ, ಸಿಗರೇಟಿಂದ ಬಂದವರೆಲ್ಲಾ ಮೊದಮೊದಲು ಹಾಗೇ ಎಳೀತಾರೆ, ವೇಪ್‌ನ ನಿಧಾನವಾಗಿ ಮೂರು ನಾಲ್ಕು ಸೆಕೆಂಡ್ ಎಳೀಬೇಕು, ಜೋರಾಗಿ ಎಳೆದ್ರೆ ಆವಿಗಿಂತ ಲಿಕ್ವಿಡ್ಡೇ ಜಾಸ್ತಿ ಬರತ್ತೆ. ತೆಳು ಲಿಕ್ವಿಡ್‌ನ 0.2, 0.15 ಓಮ್ ಕಾಯಿಲ್ ಇರೋ ಟ್ಯಾಂಕ್‌ಗೆ ಹಾಕಿದ್ರೂ ಸೋರತ್ತೆ, ಮೇಲೆ ಹೇಳಿದ್ದರ ಉಲ್ಟಾ.

ಮೇಲಿಂದ ತುಂಬಿಸೋ ಗ್ಲಾಸ್ ಟ್ಯಾಂಕ್ ಇದ್ರೆ, ಮುಚ್ಚಳ ತೆಗೆಯೋ ಮುಂಚೆ ಗಾಳಿ ಕಿಂಡಿನ ಪೂರ್ತಿ ಮುಚ್ಚಿ. ಟ್ಯಾಂಕ್ ಮುಚ್ಚಿದ್ದಾಗ ಒಳಗೆ ಸ್ವಲ್ಪ ಕಮ್ಮಿ ಒತ್ತಡ ಇರತ್ತೆ, ಅದೇ ಲಿಕ್ವಿಡ್‌ನ ಹಿಡ್ಕೊಂಡಿರೋದು, ಮುಚ್ಚಳ ತೆಗೆದ ತಕ್ಷಣ ಅದು ಹೋಗಿ ಲಿಕ್ವಿಡ್ ಕಾಯಿಲ್ ಒಳಗೆ ನುಗ್ಗತ್ತೆ. ತುಂಬಿಸಿ, ಮುಚ್ಚಳ ಹಾಕಿ, ಟ್ಯಾಂಕ್‌ನ ಒಂದ್ಸಲ ತಲೆಕೆಳಗೆ ಮಾಡ್ಕೊಂಡು ಕಿಂಡಿ ತೆಗೀರಿ. ಕಂಠಪೂರ್ತಿ ತುಂಬಿಸ್ಬೇಡಿ, ಮೇಲೆ ಒಂದು ಗುಳ್ಳೆಯಷ್ಟು ಗಾಳಿ ಇರ್ಲೇಬೇಕು.

ಈಗಾಗ್ಲೇ ಗೊಳಗೊಳ ಅಂತಿದ್ರೆ ಕಾಯಿಲ್ ಬದಲಾಯಿಸೋದು ಬೇಡ. ಪಾಡ್ ತೆಗೆದು, ಅದರ ತಳಕ್ಕೆ ಟಿಶ್ಯೂ ಹಿಡಿದು, ಬಾಯಿಂದ ಮೆಲ್ಲಗೆ ಊದಿ, ಒಳಗೆ ನಿಂತಿರೋದೆಲ್ಲಾ ಟಿಶ್ಯೂಗೆ ಬರತ್ತೆ. ಆಮೇಲೆ ಟಿಶ್ಯೂ ತುದಿನ ಬತ್ತಿ ಹೊಸೆದು ಬಾಯಿ ಕಡೆ ತೂತೊಳಗೆ ತಿರುಗಿಸಿ ತೆಗೀರಿ. ಅದನ್ನ ಮುಟ್ಟಿದ ಕೈ ತೊಳ್ಕೊಳ್ಳಿ, ಆ ಟಿಶ್ಯೂನೂ ಮಕ್ಕಳ ಕೈಗೆ, ನಾಯಿ ಬಾಯಿಗೆ ಸಿಗೋ ಹಾಗೆ ಬಿಡ್ಬೇಡಿ. ಇಲ್ಲಿ ಸಿಗೋ ಲಿಕ್ವಿಡ್ಡಲ್ಲಿ ಎಂಎಲ್‌ಗೆ 20 ಮಿಲಿಗ್ರಾಂ ತನಕ ನಿಕೋಟಿನ್ ಇರ್ಬೋದು, ಚಿಕ್ಕ ಮಗುಗೆ ಅದು ವಿಷ.

ಪ್ಲಾಸ್ಟಿಕ್ ಟ್ಯಾಂಕ್ ತಾನಾಗೇ ಬಿರುಕು ಬಿಟ್ಟಿದ್ರೆ ಯಾವ ಫ್ಲೇವರ್ ಹಾಕಿದ್ರಿ ನೋಡಿ. ದಾಲ್ಚಿನ್ನಿ, ಜೋರು ನಿಂಬೆ ಕಿತ್ತಳೆ ಫ್ಲೇವರ್‌ಗಳು ಕೆಲವು ಪ್ಲಾಸ್ಟಿಕ್‌ನ ತಿಂದುಹಾಕ್ತವೆ, ಮೊದಲು ಮಂಜು ಮಂಜಾಗಿ ಆಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಬರತ್ತೆ. ಅಂಥ ಫ್ಲೇವರ್ ಬೇಕೇಬೇಕು ಅಂದ್ರೆ ಗ್ಲಾಸ್ ಟ್ಯಾಂಕ್ ತಗೊಳ್ಳಿ.

ಆವಿ ಕಮ್ಮಿ, ರುಚಿ ಇಲ್ಲ

ಮೊದ್ಲು ಚಾರ್ಜ್ ನೋಡಿ. ಸ್ಕ್ರೀನ್ ಇಲ್ಲದ ಎಷ್ಟೋ ಚಿಕ್ಕ ಡಿವೈಸ್‌ಗಳಲ್ಲಿ ಬ್ಯಾಟರಿ ಇಳಿದ ಹಾಗೆ ಪವರ್ ಕೂಡ ಇಳಿಯತ್ತೆ. ಪವರ್ ಅಂದ್ರೆ ವೋಲ್ಟ್‌ನ ವೋಲ್ಟಿಂದ ಗುಣಿಸಿ ಓಮ್‌ನಿಂದ ಭಾಗಿಸೋದು, ಅದೇ 0.8 ಓಮ್ ಕಾಯಿಲ್‌ಗೆ 4.2 ವೋಲ್ಟಲ್ಲಿ 22 ವ್ಯಾಟ್ ಬಂದ್ರೆ 3.4ರಲ್ಲಿ 14.5 ಅಷ್ಟೇ ಬರತ್ತೆ, ವ್ಯತ್ಯಾಸ ಬಾಯಿಗೆ ಗೊತ್ತಾಗೇ ಆಗತ್ತೆ. ಚಾರ್ಜ್ ಸರಿಯಿದ್ರೆ ಗಾಳಿ ಕಿಂಡಿ ನೋಡಿ, ಜೇಬಿನ ನೂಲು ಕಸ ಅಲ್ಲೇ ಹೋಗಿ ಕೂತ್ಕೊಳ್ಳೋದು. ಇವೆರಡೂ ಸರಿಯಿದ್ರೆ ಕಾಯಿಲ್. ಒಂದೇ ಫ್ಲೇವರ್ ದಿನವಿಡೀ ಸೇದಿದ್ರೆ ನಾಲಿಗೆಗೂ ರುಚಿ ಸತ್ತೋಗತ್ತೆ, ನೀರು ಕುಡಿದು ಎರಡು ದಿನ ಬೇರೆ ಫ್ಲೇವರ್ ಹಾಕಿ ನೋಡಿ.

ಎರರ್ ಬಂದ್ರೆ

ಚೆಕ್ ಅಟಾಮೈಜರ್, ನೋ ಅಟಾಮೈಜರ್ ಅಂತ ಬಂದ್ರೆ ಡಿವೈಸ್‌ಗೆ ಕಾಯಿಲ್ ಸಿಗ್ತಿಲ್ಲ ಅಂತರ್ಥ, ಅಟಾಮೈಜರ್ ಶಾರ್ಟ್ ಅಂದ್ರೆ ಕರೆಂಟ್ ಕಾಯಿಲ್ ಬಿಟ್ಟು ಅಡ್ಡದಾರಿಲಿ ಹೋಗ್ತಿದೆ ಅಂತರ್ಥ.

ಲಂಡನ್ ಹತ್ರದ ಸ್ಲೌ ಕಡೆ ಇರೋ ನಮ್ಮ ಹಾಸನದ ಹುಡುಗ ಒಬ್ಬ ಇಂಥದೇ ಎರರ್ ಅಂತ ಪಾಡ್ ಮೇಲೆ ಪಾಡ್ ಬದಲಾಯಿಸಿದ್ದ, ಎರರ್ ಹೋಗ್ಲಿಲ್ಲ ಅಂತ ನನ್ನ ಹತ್ರ ತಂದ. ಪಾಡ್ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ಪಾಡ್ ಕೂರೋ ಗುಳಿ ಒಳಗೆ ಎರಡು ಆಯಸ್ಕಾಂತದ ಮಧ್ಯ ಚಿನ್ನದ ಬಣ್ಣದ ಪಿನ್‌ಗಳು ಕಾಣ್ಲೇ ಇಲ್ಲ, ಹಳೇ ಲಿಕ್ವಿಡ್ ಒಣಗಿ ಅಂಟಾಗಿ, ಅದಕ್ಕೆ ಜೀನ್ಸ್ ಜೇಬಿನ ನೀಲಿ ನೂಲು ಹತ್ಕೊಂಡು ಒಂದು ಪದರವೇ ಆಗಿತ್ತು. ಇಯರ್‌ಬಡ್ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ ತಿರುಗಿಸಿದ್ದೇ ತಡ, ಬಡ್ ಕಂದು ಬಣ್ಣಕ್ಕೆ ತಿರುಗ್ತು, ಎರಡನೇ ಬಡ್‌ಗೆ ಪಿನ್ ಹೊಳೀತು. ಎರಡು ಪಿನ್ನಲ್ಲಿ ಒಂದು ಒಳಗೆ ಸಿಕ್ಕಾಕ್ಕೊಂಡಿತ್ತು, ಆ ಪಿನ್‌ಗಳ ಕೆಳಗೆ ಸ್ಪ್ರಿಂಗ್ ಇರತ್ತೆ, ಮರದ ಟೂತ್‌ಪಿಕ್ಕಿಂದ ಮೆಲ್ಲಗೆ ನಾಲ್ಕು ಸಲ ಒತ್ತಿ ಬಿಟ್ಟಾಗ ಮೇಲೆ ಬಂತು. ಆಲ್ಕೋಹಾಲ್ ಪೂರ್ತಿ ಆರೋಕೆ ಬಿಟ್ಟು ಪಾಡ್ ಹಾಕಿದ್ವಿ, ಎರರ್ ಹೋಯ್ತು, ಅವನು ತೆಗೆದಿಟ್ಟಿದ್ದ ಹಳೇ ಪಾಡ್‌ಗಳೂ ನಡೆದ್ವು.

99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಚಿಕ್ಕ ಬಾಟಲ್ ಮನೇಲಿ ಇಟ್ಕೊಳ್ಳಿ. ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ನೀರೂ ಅಂಟೂ ಇರತ್ತೆ, ಪಿನ್ ಮೇಲೆ ಹಾಗೇ ಉಳ್ಕೊಳ್ಳತ್ತೆ. ಈ ಆಲ್ಕೋಹಾಲ್ ಲೋಹದ ಪಿನ್‌ಗೆ ಮಾತ್ರ, ಪ್ಲಾಸ್ಟಿಕ್ ಪಾಡ್‌ಗೆ ತಾಗಿಸ್ಬೇಡಿ, ಬಿರುಕು ಬಿಡ್ಬೋದು. ಒಲೆ ಹತ್ರ ಅಂತೂ ತೆಗೀಲೇಬೇಡಿ.

510 ಅನ್ನೋ ಥ್ರೆಡ್‌ಗೆ ತಿರುಗಿಸಿ ಹಾಕೋ ಟ್ಯಾಂಕ್ ಇರೋರಿಗೆ ಇನ್ನೊಂದು ತೊಂದರೆ ಬರತ್ತೆ. ಸೋರ್ಬಾರ್ದು ಅಂತ ಟ್ಯಾಂಕ್‌ನ ಬಲ ಹಾಕಿ ಬಿಗಿ ಮಾಡ್ತಾರೆ, ಆಗ ಮಧ್ಯದ ಪಿನ್ ಕೆಳಗೆ ಕುಸಿಯತ್ತೆ, ಆಮೇಲೆ ಟ್ಯಾಂಕ್‌ಗೆ ತಾಗಲ್ಲ. ಬ್ಯಾಟರಿ ತೆಗೆದಿಟ್ಟು, ತೆಗೆಯೋಕೆ ಬರ್ದೇ ಇರೋದಾದ್ರೆ ಆಫ್ ಮಾಡಿ, ಮರದ ಕಡ್ಡಿಯಿಂದ ಒಂದೇ ಒಂದು ಕೂದಲಷ್ಟು ಮೇಲೆ ಎತ್ತಿ. ಸೂಜಿ, ಸ್ಕ್ರೂಡ್ರೈವರ್ ಹಾಕ್ಬೇಡಿ, ಪಕ್ಕದ ಲೋಹಕ್ಕೆ ತಾಗಿದ್ರೆ ಶಾರ್ಟ್ ಆಗತ್ತೆ. ಟ್ಯಾಂಕ್ ಬೆರಳ ಬಿಗಿಗೆ ನಿಂತ್ರೆ ಸಾಕು.

ಸ್ಕ್ರೀನ್ ಮೇಲೆ ಓಮ್ ತೋರ್ಸೋ ಡಿವೈಸ್ ಆದ್ರೆ ಆ ನಂಬರ್ ನೋಡೋದು ಅಭ್ಯಾಸ ಮಾಡ್ಕೊಳ್ಳಿ. ಕಾಯಿಲ್ ಮೇಲೆ 0.8 ಅಂತಿದ್ದು ಸ್ಕ್ರೀನಲ್ಲಿ 0.78 ಅಥವಾ 0.83 ತೋರ್ಸಿದ್ರೆ ಏನೂ ಚಿಂತೆ ಇಲ್ಲ. ಒಂದ್ಸಲ 0.8, ಇನ್ನೊಂದ್ಸಲ 1.2 ಅಂತ ಕುಣೀತಿದ್ರೆ ಎಲ್ಲೋ ಕೊಳೆ ಅಥವಾ ಲೂಸ್ ಇದೆ. ಸೊನ್ನೆ ಹತ್ರ ಬಂದ್ರೆ ಶಾರ್ಟು, ಆ ಕಾಯಿಲ್ ಮತ್ತೆ ಹಾಕ್ಬೇಡಿ.

ಬ್ಯಾಟರಿ, ಚಾರ್ಜಿಂಗ್

ಚಾರ್ಜೇ ಆಗ್ತಿಲ್ಲ ಅಂದ್ರೆ ಎಲ್ಲಕ್ಕಿಂತ ಮೊದ್ಲು ಕೇಬಲ್ ಬದಲಾಯಿಸಿ. ಎರಡೂ ತುದಿ ಟೈಪ್ ಸಿ ಇರೋ ಫೋನ್ ಕೇಬಲ್ಲಲ್ಲಿ ಕಮ್ಮಿ ಬೆಲೆ ಪಾಡ್‌ಗಳು ಬಹಳಷ್ಟು ಚಾರ್ಜ್ ಆಗೋದೇ ಇಲ್ಲ. ನನಗೆ ಕರೆಂಟ್ ಕೊಡು ಅಂತ ಚಾರ್ಜರ್‌ಗೆ ಹೇಳೋ ಚಿಕ್ಕ ರೆಸಿಸ್ಟರ್‌ನ ಒಳಗೆ ಹಾಕಿರಲ್ಲ, ಹೊಸ ಚಾರ್ಜರ್ ಅದಿಲ್ದೇ ಕರೆಂಟೇ ಬಿಡಲ್ಲ. ಒಂದು ತುದಿ ಅಗಲವಾದ ಹಳೇ ಯುಎಸ್‌ಬಿ ಇರೋ ಕೇಬಲ್ಲು, ಹಳೇ ಮಾಮೂಲಿ 5 ವೋಲ್ಟ್ ಚಾರ್ಜರ್ ಹಾಕಿ ನೋಡಿ, ಸತ್ತೋಗಿದೆ ಅಂದ್ಕೊಂಡಿದ್ದ ಡಿವೈಸ್ ಲೈಟ್ ಹತ್ಕೊಳ್ಳತ್ತೆ. ಆಗ್ಲಿಲ್ಲ ಅಂದ್ರೆ ಪೋರ್ಟ್ ಒಳಗೆ ಕಸ ಇರತ್ತೆ, ಮತ್ತೆ ಮರದ ಟೂತ್‌ಪಿಕ್ಕೇ.

ಸೇದದೇ ಇದ್ರೂ ತಾನಾಗೇ ಉರಿಯೋದು ಎಳೆದ್ರೆ ಆನ್ ಆಗೋ ಪಾಡ್‌ಗಳಲ್ಲಿ ಬರತ್ತೆ. ಅದರೊಳಗೆ ಗಾಳಿ ಒತ್ತಡ ಗುರುತಿಸೋ ಪುಟ್ಟ ಸೆನ್ಸರ್ ಇದೆ, ಅದರ ತೂತಿಗೆ ಲಿಕ್ವಿಡ್ ಇಳಿದ್ರೆ ಒಂದೋ ತಾನಾಗೇ ಆನ್ ಆಗತ್ತೆ, ಇಲ್ಲಾ ಎಷ್ಟು ಎಳೆದ್ರೂ ಆನ್ ಆಗಲ್ಲ. ತಕ್ಷಣ ಪಾಡ್ ಕಿತ್ತು ಬೇರೆ ಇಡಿ, ಡಿವೈಸ್‌ನ ಗುಳಿ ಕೆಳಗೆ ಮಾಡಿ ಟಿಶ್ಯೂ ಮೇಲೆ ತಟ್ಟಿ, ಒಂದು ದಿನ ಹಾಗೇ ಬೋರಲಾಗಿ ಬಿಡಿ. ಆಮೇಲೂ ಉರಿದ್ರೆ ಆ ಡಿವೈಸ್ ಆಸೆ ಬಿಟ್ಬಿಡಿ, ಜೇಬಲ್ಲಿ ಬೆಂಕಿ ಇಟ್ಕೊಂಡು ಓಡಾಡೋದು ಬೇಡ.

ತೆಗೆದು ಹಾಕೋ 18650 ಅನ್ನೋ ಸೈಜಿನ ಬ್ಯಾಟರಿ ಇರೋರು ಅದರ ಮೇಲಿನ ಪ್ಲಾಸ್ಟಿಕ್ ಕವರ್ ನೋಡ್ತಾ ಇರಿ. ಒಳಗಿನ ಡಬ್ಬಿ ಪೂರ್ತಿ ಮೈನಸ್, ಮೇಲಿನ ಬಟ್ಟಿನಷ್ಟು ಜಾಗ ಮಾತ್ರ ಪ್ಲಸ್, ಮಧ್ಯ ಇರೋದು ಆ ತೆಳು ಕವರು ಮತ್ತೆ ಒಂದು ಕಾಗದದ ಉಂಗುರ. ಕವರ್ ಹರಿದಿದ್ರೆ ಬಳಸ್ಬೇಡಿ, ಹೊಸ ಕವರ್ ಹಾಕಿಸಿ, ಕೆಲವು ವೇಪ್ ಅಂಗಡಿಲಿ ಮಾಡಿಕೊಡ್ತಾರೆ. ಬಿಡಿ ಬ್ಯಾಟರಿನ ಕೀ ಬಂಚ್, ಚಿಲ್ಲರೆ ಜೊತೆ ಜೇಬಿಗೆ ಹಾಕೋದನ್ನ ನೋಡಿದ್ರೆ ನನಗೆ ನಿಜಕ್ಕೂ ಭಯ ಆಗತ್ತೆ, ಪ್ಲಾಸ್ಟಿಕ್ ಡಬ್ಬಿ ಅಗ್ಗಕ್ಕೆ ಸಿಗತ್ತೆ, ತಗೊಳ್ಳಿ.

ಬ್ಯಾಟರಿ ಉಬ್ಬಿದ್ರೆ, ಸುಮ್ನೆ ಇಟ್ಟಾಗ್ಲೂ ಬಿಸಿಯಾಗ್ತಿದ್ರೆ, ನೀರಲ್ಲಿ ಬಿದ್ದಿದ್ರೆ, ಅಲ್ಲಿಗೆ ರಿಪೇರಿ ನಿಲ್ಲಿಸಿ. ಚಾರ್ಜಿಗೆ ಹಾಕ್ಬೇಡಿ. ರಾತ್ರಿ ದಿಂಬಿನ ಪಕ್ಕ ಚಾರ್ಜಿಗೆ ಹಾಕಿ ಮಲಗೋ ಅಭ್ಯಾಸ ಇದ್ರೆ ಅದನ್ನೂ ಬಿಡಿ.

ತೊಳೆಯೋದು ಹೇಗೆ

ಕಾಯಿಲ್ ಬಿಚ್ಚೋಕೆ ಬರೋ ಪಾಡ್, ಟ್ಯಾಂಕ್ ಮಾತ್ರ ತೊಳೀಬೋದು. ಕಾಯಿಲ್ ಬದಲಾಯಿಸೋ ದಿನವೇ ತೊಳೆದ್ರೆ ಬೇರೆ ನೆನಪಿಟ್ಕೊಳ್ಳೋದೇನಿಲ್ಲ. ಉಳಿದ ಲಿಕ್ವಿಡ್ ಟಿಶ್ಯೂಗೆ ಬಸಿದು, ಬಿಚ್ಚೋಕೆ ಬರೋದನ್ನೆಲ್ಲಾ ಬಿಚ್ಚಿ, ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಾಕಿ ಹತ್ತು ಹದಿನೈದು ನಿಮಿಷ ನೆನೆಸಿ. ಅಡಿಗೆ ಪಾತ್ರೆ ಬೇಡ, ಇದಕ್ಕೇ ಅಂತ ಒಂದು ಹಳೇ ಡಬ್ಬಿ ಇಟ್ಕೊಳ್ಳಿ. ಕುದಿಯೋ ನೀರು ಹಾಕಿದ್ರೆ ಪ್ಲಾಸ್ಟಿಕ್ ಸೊಟ್ಟಗಾಗತ್ತೆ, ಒಂದ್ಸಲ ಸೊಟ್ಟಗಾದ ಪಾಡ್ ಸೋರ್ತಾನೇ ಇರತ್ತೆ. ಸೋಪಿನ ವಾಸನೆ ಹೋಗೋ ತನಕ ನಲ್ಲಿ ನೀರಲ್ಲಿ ತೊಳೆದು, ಟಿಶ್ಯೂ ಮೇಲೆ ಒಂದು ದಿನ ಪೂರ್ತಿ ಒಣಗಿಸಿ. ರೇಡಿಯೇಟರ್ ಮೇಲೆ, ಹೇರ್ ಡ್ರೈಯರ್ ಕೆಳಗೆ ಬೇಡ. ಡಿವೈಸ್‌ನ ಯಾವತ್ತೂ ನಲ್ಲಿ ಕೆಳಗೆ ಹಿಡೀಬೇಡಿ, ಒಣ ಬಟ್ಟೆ, ಇಯರ್‌ಬಡ್ ಅಷ್ಟೇ.

ಕಾಯಿಲ್ ತೊಳೀಬೋದಾ ಅಂತ ಎಲ್ರೂ ಕೇಳ್ತಾರೆ. ವೋಡ್ಕಾಲಿ ನೆನೆಸೋದು, ಬಿಸಿನೀರಲ್ಲಿ ಕುದಿಸೋದು ಎಲ್ಲಾ ಮಾಡೋರಿದಾರೆ, ಒಂದೆರಡು ದಿನ ಜಾಸ್ತಿ ಬರ್ಬೋದು, ಆದ್ರೆ ತಂತಿ ಮೇಲಿನ ಕರಕಲು ಹೋಗಲ್ಲ, ಸುಟ್ಟ ಹತ್ತಿ ಹೊಸದಾಗಲ್ಲ, ಒಳಗೆ ನೀರು ಉಳಿದ್ರೆ ಚಟಚಟ ಅಂತ ಹಾರತ್ತೆ. ನನ್ನ ಪ್ರಕಾರ ವ್ಯರ್ಥ ಕೆಲಸ. ಹತ್ತಿ ಸಮೇತ ಕಾಯಿಲ್‌ನ ಖಾಲಿ ಉರಿಸೋದಂತೂ ಮಾಡ್ಲೇಬೇಡಿ, ಅದೇನಿದ್ರೂ ತಾವೇ ತಂತಿ ಸುತ್ತಿ ಹತ್ತಿ ಹಾಕ್ಕೊಳ್ಳೋರು ಹತ್ತಿ ತೆಗೆದು ಮಾಡೋ ಕೆಲಸ.

ರಬ್ಬರ್ ರಿಂಗ್ ಒಣಗಿ ಬಿಗಿಯಾಗಿದ್ರೆ ಸ್ವಲ್ಪ ವೇಪ್ ಲಿಕ್ವಿಡ್ಡೇ ಸವರಿ ಕೂರಿಸಿ. ನಮ್ಮಲ್ಲಿ ಬಾಗಿಲಿನ ಕೀಲಿಂದ ಹಿಡಿದು ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಾಕೋ ರೂಢಿ, ಇಲ್ಲಿ ಮಾತ್ರ ಕೊಬ್ಬರಿ ಎಣ್ಣೆ, ವ್ಯಾಸಲಿನ್, ಯಾವ ಎಣ್ಣೆನೂ ಬೇಡ್ವೇ ಬೇಡ. ಎಣ್ಣೆ ಬಿಸಿಯಾಗಿ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ ಥರದ ಕಾಯಿಲೆ ತರತ್ತೆ. 2019ರಲ್ಲಿ ಅಮೆರಿಕದಲ್ಲಿ ಗಾಂಜಾ ಅಂಶದ ವೇಪ್ ಸೇದಿ ಎಷ್ಟೋ ಜನ ಆಸ್ಪತ್ರೆ ಸೇರಿದ್ರಲ್ಲ, ಅದಕ್ಕೆ ಗಟ್ಟಿ ನಂಟು ಸಿಕ್ಕಿದ್ದು ವಿಟಮಿನ್ ಇ ಅಸಿಟೇಟ್ ಅನ್ನೋ ಎಣ್ಣೆಯಂಥ ವಸ್ತುವಿಗೇ. ಕಿಟ್ ಬಾಕ್ಸ್ ಒಳಗೆ ಪುಟ್ಟ ಕವರಲ್ಲಿ ಸ್ಪೇರ್ ರಿಂಗ್ ಕೊಟ್ಟಿರ್ತಾರೆ, ಬಾಕ್ಸ್ ಬಿಸಾಕೋ ಮುಂಚೆ ಅದನ್ನ ತೆಗೆದಿಟ್ಕೊಳ್ಳಿ.

ಚಳಿಗಾಲ, ಪ್ರಯಾಣ, ಊರು

ಜನವರಿ ಚಳಿಲಿ ಬಸ್ ಸ್ಟಾಪಲ್ಲಿ ನಿಂತು ಎಳೆದ್ರೆ ಸೀದ ರುಚಿ, ಮನೇಲಿ ಸರಿ ಇರತ್ತೆ ಅಂದ್ರೆ ಪಾರ್ಟ್ ಕೆಟ್ಟಿಲ್ಲ, ಚಳಿಗೆ ವಿಜಿ ಗಟ್ಟಿಯಾಗಿ ಹತ್ತಿಗೆ ಇಳೀತಿಲ್ಲ, ಬ್ಯಾಟರಿನೂ ಸೋಮಾರಿಯಾಗತ್ತೆ. ಜಾಕೆಟ್ ಒಳಜೇಬಲ್ಲಿ ಇಟ್ಕೊಳ್ಳಿ. ಬೇಸಿಗೆಲಿ ಕಾರ್ ಡ್ಯಾಶ್‌ಬೋರ್ಡ್ ಮೇಲೆ ಬಿಟ್ರೆ ಇದಕ್ಕೆ ಉಲ್ಟಾ, ಲಿಕ್ವಿಡ್ ನೀರಾಗಿ ಸೋರತ್ತೆ, ಬ್ಯಾಟರಿಗಂತೂ ಬಿಸಿಲು ಶತ್ರು. ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಟ್ಯಾಂಕ್ ಖಾಲಿ ಮಾಡಿ ತೊಳೆದು, ಬ್ಯಾಟರಿ ಅರ್ಧ ಚಾರ್ಜಲ್ಲಿ ಇಡಿ.

ವಿಮಾನ ಮೇಲೇರಿದ ಹಾಗೆ ಕ್ಯಾಬಿನ್ ಒತ್ತಡ ಇಳಿಯತ್ತೆ, ಟ್ಯಾಂಕ್ ಒಳಗಿನ ಗಾಳಿ ಹಿಗ್ಗಿ ಲಿಕ್ವಿಡ್‌ನ ಹೊರಗೆ ತಳ್ಳತ್ತೆ, ಹಾಗಾಗಿ ಟ್ಯಾಂಕ್ ಖಾಲಿ ಇರ್ಲಿ. ಡಿವೈಸ್ ಕೈಚೀಲದಲ್ಲೇ ಇರ್ಬೇಕು, ಚೆಕ್ ಇನ್ ಲಗೇಜಲ್ಲಿ ಹಾಕೋ ಹಾಗಿಲ್ಲ. ಇದೆಲ್ಲಾ ವೇಪ್‌ಗೆ ಅಡ್ಡಿ ಇಲ್ಲದ ದೇಶಗಳಿಗೆ ಹೋಗೋವಾಗ. ಬೆಂಗಳೂರಿಗೆ ಹೋಗೋದಾದ್ರೆ ಮನೇಲೇ ಬಿಟ್ಟು ಹೋಗಿ. ಕರ್ನಾಟಕದಲ್ಲಿ 2016ರಲ್ಲೇ ಇದರ ಮಾರಾಟಕ್ಕೆ ತಡೆ ಬಂತು, 2019ರ ಕೇಂದ್ರ ಕಾಯ್ದೆ ಪ್ರಕಾರ ಇಡೀ ದೇಶದಲ್ಲಿ ಇ-ಸಿಗರೇಟ್ ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲಾ ನಿಷೇಧ, ದಾಸ್ತಾನು ಬಿಟ್ಟು ಮಿಕ್ಕಿದ್ದಕ್ಕೆ ಮೊದಲ ಸಲದ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಊರಲ್ಲಿರೋ ಸ್ನೇಹಿತರು ಒಂದು ತಂದ್ಕೊಡೋ ಅಂದ್ರೂ ಒಪ್ಕೋಬೇಡಿ. ಇರೋ ಅಷ್ಟು ದಿನಕ್ಕೆ ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಗ್ಗೆ ಹೋಗೋ ಮುಂಚೆ ಇಲ್ಲೇ ಫಾರ್ಮಸಿಲಿ ಕೇಳ್ಕೊಳ್ಳಿ.

ಇಷ್ಟೆಲ್ಲಾ ನೋಡಿದ್ರೂ ಸರಿಹೋಗದ ಡಿವೈಸ್ ಇದ್ರೆ ಮನೆ ಕಸದ ಬಿನ್‌ಗೆ ಹಾಕ್ಬೇಡಿ, ಕಸದ ಲಾರಿಲಿ ಬ್ಯಾಟರಿ ಜಜ್ಜಿ ಬೆಂಕಿ ಹತ್ಕೊಳ್ಳತ್ತೆ. ಯುಕೆಲಿ ವೇಪ್ ಮಾರೋ ಅಂಗಡಿಯವರು ಹಳೇದನ್ನ ವಾಪಸ್ ತಗೊಳ್ಳೋ ವ್ಯವಸ್ಥೆ ಮಾಡ್ಲೇಬೇಕು ಅಂತ ನಿಯಮ ಇದೆ, ಕೌನ್ಸಿಲ್ ರೀಸೈಕ್ಲಿಂಗ್ ಸೆಂಟರಲ್ಲೂ ತಗೋತಾರೆ. ಕೊಡೋ ಮುಂಚೆ ಪಾಡ್ ಬೇರೆ ಮಾಡಿ, ಬಿಡಿ ಬ್ಯಾಟರಿ ಆದ್ರೆ ಎರಡೂ ತುದಿಗೆ ಟೇಪ್ ಅಂಟಿಸಿ, ಉಬ್ಬಿರೋದಾದ್ರೆ ಕೌಂಟರಲ್ಲೇ ಹೇಳಿ ಕೈಗೆ ಕೊಡಿ.